ನನ್ನ ಆನಿ

ಯಾರಿಗೂ ಹೇಳಲಾಗದ ಒಂದು ಚಿಂತೆಯನ್ನು ಡೈರಿಗೆ ಹೇಳಿಕೊಂಡಿದ್ದೇನೆ: ಹನ್ನೊಂದನೆಯ ಅಧ್ಯಾಯದಲ್ಲಿ ನಾನು ಟೈಪ್ ಮಾಡಿದ ಆನೆ ಸುಳ್ಳು.

"ಏ ಉಜ್ಜವ್ವಾ! ಕಾಲು ಒತ್ತಂದ್ರ ಕನಸು ಕಾಣ್ತಿ, ದರಿದ್ರದಾಕಿ!"

ಡಾಕ್ಟರ್ ಶಿವಬಸಪ್ಪನವರು ಬೈಯುವುದು ಕನ್ನಡದಲ್ಲಿ, ಅಪ್ಪಣೆ ಕೊಡುವುದು ಇಂಗ್ಲಿಷಿನಲ್ಲಿ. ಅಮೆರಿಕದ ಗೈದರ್ಸ್‌ಬರ್ಗಿನ ಈ ಮನೆಯಲ್ಲಿ ಅವರಿಗೆ ಸ್ನಾನ ಮಾಡಿಸಿ ಮಾತ್ರೆ ಕೊಡುವ, ಅರವತ್ತು ದಾಟಿದ ನೈಜೀರಿಯಾದ ಹೆಂಗಸಿನ ಹೆಸರು ಉಜೋಮಾ. ಪಾತ್ರೆಯನ್ನೂ ಉಜ್ಜುತ್ತಾಳಲ್ಲ, ಹಾಗಾಗಿ ಉಜ್ಜವ್ವ. ನಾನು ರೇಣುಕಾ. ಮಾಸ್ಟರ್ಸ್ ಮುಗಿಸಿ ಡಾಕ್ಟರ ಆತ್ಮಕಥೆ ಟೈಪ್ ಮಾಡುತ್ತಿದ್ದೇನೆ. ನನ್ನ ವೀಸಾ ಅವರ ಫೌಂಡೇಶನ್ನಿನ ಒಂದು ಪತ್ರದ ಮೇಲೆ ನಿಂತಿದೆ. ಪತ್ರಕ್ಕೆ ಸಹಿ ಇನ್ನೂ ಬಿದ್ದಿಲ್ಲ.

ಮೊದಲ ದಿನವೇ ಕೇಳಿದ್ದರು, "ಗದಗಿನ್ಯಾಗ ಯಾವ ಓಣ್ಯಾಕಿ?" ಹೇಳಿದೆ. ಅಂದಿನಿಂದ ನನಗೆ ಚಹಾ ಪೇಪರ್ ಕಪ್ಪಿನಲ್ಲಿ. ಉಜೋಮಾಗೂ ಅದೇ. ಸ್ಟೀಲ್ ಲೋಟ ಉಳಿದವರಿಗೆ.

"ನಾವಿಬ್ಬರೂ ಈ ಮನೆಯಿಂದ ಸಿಡಿದು ಬೇರೆ ದೇಶ ಆದೆವು," ಎಂದು ಉಜೋಮಾ ಇಂಗ್ಲಿಷಿನಲ್ಲಿ ಹೇಳಿ, ಕಪ್ಪು ಎತ್ತಿ ನಕ್ಕಳು. "ನಾನು ಅಧ್ಯಕ್ಷೆ. ನೀನು ವಿದೇಶಾಂಗ ಮಂತ್ರಿ."

"ಬಾಯೇ ಬಿಡದವಳು ವಿದೇಶಾಂಗ ಮಂತ್ರಿನಾ?"

"ಅದಕ್ಕೇ. ಯುದ್ಧ ಆಗಲ್ಲ."

ಬೇರೆ ದೇಶ ಎಂದರೇನು ಅಂತ ಅವಳಿಗೆ ಗೊತ್ತು. ಬಿಯಾಫ್ರಾ ನೈಜೀರಿಯಾದಿಂದ ಬೇರೆಯಾಗಿ ಯುದ್ಧ ಶುರುವಾದಾಗ ಅವಳಿಗೆ ಐದು ವರ್ಷ. ಒಮ್ಮೆ ಡಾಕ್ಟರ ಕಾಲೊತ್ತುತ್ತ ಹೇಳಿದ್ದಳು: ಗಂಜಿಯ ಸಾಲಿನಲ್ಲಿ ನಿಂತಿದ್ದಾಗ ಗಡ್ಡದ ನಾಯಕನ ಕಾರು ಹಾದುಹೋಯಿತಂತೆ. ಹೊಟ್ಟೆ ಊದಿದ ಮಕ್ಕಳೆಲ್ಲ "ನ್ನಾ ಅನ್ಯಿ!" ಎಂದು ಕೂಗಿದರಂತೆ. ಅವಳ ಭಾಷೆಯಲ್ಲಿ ನಮ್ಮಪ್ಪ ಎಂದರ್ಥ.

"ಆಮೇಲೆ ಸೋಲು ಬಂದಾಗ ಆ ಅಪ್ಪ ವಿಮಾನ ಹತ್ತಿ ದೇಶ ಬಿಟ್ಟು ಹೋದ. ನಾವು ಸಾಲಿನಲ್ಲೇ ಇದ್ದೆವು."

ಡಾಕ್ಟರ ಕಿವಿಯ ಮಷೀನು ಅರ್ಧ ಕೇಳಿಸಿಕೊಂಡಿತು. ಮರುದಿನ ಬರೆಸಿದರು: 1968. ಬಿಯಾಫ್ರಾದಲ್ಲಿ ಯುವವೈದ್ಯ ಶಿವಬಸಪ್ಪ ಗಂಜಿ ಹಂಚುತ್ತಿದ್ದಾಗ ನಾಯಕ ಆನೆಯ ಮೇಲೆ ಬಂದ. ಮಕ್ಕಳು ಅಚ್ಚಗನ್ನಡದಲ್ಲಿ "ನನ್ನ ಆನಿ!" ಎಂದು ಕುಣಿದರು.

"ಸರ್, ಒಂಬತ್ತನೇ ಅಧ್ಯಾಯದಲ್ಲಿ ಆ ವರ್ಷ ನೀವು ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ..."

"ರಜಾ ಹಾಕಿ ಹೋಗಿದ್ದೆ! ಟೈಪ್ ಮಾಡೂದು ನಿನ್ನ ಕೆಲಸ, ಯೋಚನಿ ಮಾಡೂದು ನಂದು. ಕನ್ನಡ ಆಫ್ರಿಕಾಕ್ಕ ಮುಟ್ಟಿತ್ತು ಅನ್ನಾಕ ಇದ ಪುರಾವೆ. ಬರಿ!"

ಬರೆದೆ. ಆನೆಗೆ ಅಂಬಾರಿಯೂ ಬಂತು.

ಭಾನುವಾರ ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ಪುಸ್ತಕ ಬಿಡುಗಡೆ. ನಲವತ್ತು ಕುರ್ಚಿ, ಕೇಸರಿಬಾತು, ರಕ್ಷಾಪುಟದ ತುಂಬ ಆನೆ. ನನ್ನ ಪತ್ರ ಡಾಕ್ಟರ ಜುಬ್ಬಾದ ಜೇಬಿನಿಂದ ಇಣುಕುತ್ತಿತ್ತು. "ಕಾರ್ಯಕ್ರಮ ಮುಗೀಲಿ, ಸೈನ್ ಮಾಡ್ತೀನಿ," ಎಂದಿದ್ದರು.

ಹನ್ನೊಂದನೆಯ ಅಧ್ಯಾಯ ಓದಿ, ಟ್ರೇ ಹಿಡಿದು ಹೋಗುತ್ತಿದ್ದ ಉಜೋಮಾಳ ಕಡೆ ಕೋಲು ತೋರಿಸಿದರು. "ಸಾಕ್ಷಿ ಬೇಕೇನ್ರಿ? ಇಕಿ ಅಲ್ಲಿಯಾಕಿನ. ಏ ಉಜ್ಜವ್ವಾ, ಸ್ಟ್ಯಾಂಡ್ ಹಿಯರ್! ಚಿಲ್ಡ್ರನ್ ಏನ್ ಶೌಟ್ ಮಾಡಿದ್ರು? ಸೇ ಇಟ್!"

ಉಜೋಮಾ ಟ್ರೇ ಇಳಿಸಲಿಲ್ಲ. ಮೆಲ್ಲಗೆ ಅಂದಳು, "ನ್ನಾ ಅನ್ಯಿ."

ಇಡೀ ಬೇಸ್‌ಮೆಂಟು ಚಪ್ಪಾಳೆ ತಟ್ಟಿತು. ಕನ್ನಡ ಸಂಘದ ಪದ್ಮನಾಭ ಅಂಕಲ್, "ವಾಹ್, ಪ್ಯೂರ್ ಕನ್ನಡ! ಒನ್ಸ್ ಮೋರ್ ಹೇಳಮ್ಮ, ವಿಡಿಯೋ ಮಾಡ್ಕೋತೀನಿ," ಎಂದು ಫೋನ್ ಎತ್ತಿದರು. ಯಾರೋ ಸೊಂಡಿಲಿನಂತೆ ಕೈಯಾಡಿಸಿದರು. ನಗು.

ಉಜೋಮಾ ನನ್ನತ್ತ ತಿರುಗಿದಳು. "ಮಂತ್ರಿಗಳೇ, ನಮ್ಮಪ್ಪ ಅಂದರೆ ಇವರು ಯಾಕೆ ನಗುತ್ತಿದ್ದಾರೆ?"

ನನ್ನ ಕೈಯ ಪೇಪರ್ ಕಪ್ಪು ಮುದುಡಿ ಚಹಾ ಬೆರಳ ಮೇಲೆ ಹರಿಯಿತು. ಜೇಬಿನ ಪತ್ರ ನೋಡಿದೆ. ಎದ್ದು ನಿಂತೆ. ಬಾಯಿಗೆ ಬಂದದ್ದು ನಮ್ಮ ಓಣಿಯ ಮಾತು, ಅದೂ ಮೈಕಿಲ್ಲದೆ ಹಿಂದಿನ ಸಾಲಿಗೂ ಕೇಳುವಷ್ಟು ಜೋರಾಗಿ:

"ಇವ್ರು ಅಲ್ಲಿಗೆ ಹೋಗೇ ಇಲ್ರಿ. ಗಂಜಿ ಸಾಲಿನ್ಯಾಗ ನಿಂತಾಕಿ ಈಕಿ."