ಹೊಸಬರ ಬೋರ್ಡು

"ಹೊಸಬರಿಗೆ ಇದೇ ಒಳ್ಳೇದು ಸಾರ್," ಎಂದಳು ಅಂಗಡಿಯಾಕೆ.

ಗಾಜಿನ ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟು ಅಗಲದ ಎರಡು ಬೋರ್ಡುಗಳಿದ್ದವು, ಒಂದು ಕಪ್ಪು, ಒಂದು ನೀಲಿ. ಅವಳ ಬೆರಳು ನೀಲಿಯದರ ಮೇಲಿತ್ತು. ಫ್ಲೈಟ್ ಕಂಟ್ರೋಲರ್ ಎಂದರೆ ಇದೇ, ಡ್ರೋನಿನ ಮೆದುಳು. ಮೋಟಾರು, ರೆಕ್ಕೆ, ಚೌಕಟ್ಟುಗಳನ್ನೆಲ್ಲ ಒಂದು ತಿಂಗಳಿನಿಂದ ಊಟದ ಮೇಜಿನ ಮೇಲೆ ಹರವಿಕೊಂಡು ಜೋಡಿಸುತ್ತಿದ್ದ ಕ್ರೇನ್ ಆಪರೇಟರು, ಉಳಿದ ಇದೊಂದಕ್ಕಾಗಿ ಹೆಂಡತಿಯೊಂದಿಗೆ ಬಂದಿದ್ದರು. ಹೊಸಬರು ಎಂಬ ಮಾತು ಅವರಿಗೆ ಹಿಡಿಸಲಿಲ್ಲ.

"ಇಪ್ಪತ್ತಾರು ವರ್ಷ ಕ್ರೇನ್ ನಡೆಸಿದೀನಮ್ಮಾ. ಹದಿನೆಂಟನೇ ಮಹಡಿಗೆ ಗಾಜು ಎತ್ತಿ ಇಟ್ಟಿದೀನಿ. ಒಂದು ಗೀರು ಬಿದ್ದಿಲ್ಲ."

"ಇವರ ಕ್ರೇನಿನ ಕತೆ ಕೇಳ್ತಾ ಕೂತ್ರೆ ನೀನು ಅಂಗಡಿ ಬಾಗಿಲು ಹಾಕೋ ಹೊತ್ತಾಗುತ್ತೆ ನೋಡು," ಎಂದರು ಹೆಂಡತಿ.

ಅಂಗಡಿಯಾಕೆ ನಕ್ಕು ವಿವರಿಸಿದಳು. ಕಪ್ಪು ಬೋರ್ಡು ಪಂದ್ಯದಲ್ಲಿ ಹಾರಿಸುವವರದ್ದು. ಎಲ್ಲವೂ ಕೈಯ ಹಿಡಿತದಲ್ಲೇ ಇರಬೇಕು. ಡ್ರೋನ್ ಓರೆಯಾದರೆ ಓರೆಯಾಗಿಯೇ ಹೋಗುತ್ತದೆ, ನಾವೇ ನೆಟ್ಟಗೆ ಮಾಡಬೇಕು. ನೀಲಿಯದು ಹಾಗಲ್ಲ. ರಿಮೋಟಿನ ಸ್ಟಿಕ್ ಬಿಟ್ಟರೆ ಇದ್ದ ಜಾಗದಲ್ಲೇ, ಇದ್ದ ಎತ್ತರದಲ್ಲೇ ತಾನಾಗಿ ನಿಲ್ಲುತ್ತದೆ.

"ತಾನೇ ನಿಲ್ಲೋದಾದ್ರೆ ನಾನ್ಯಾಕೆ? ಕರೀದೇ ಕೊಡು."

ಎಂಟು ತಿಂಗಳ ಹಿಂದೆ ಅವರಿಗೆ ಸಣ್ಣದೊಂದು ಪಾರ್ಶ್ವವಾಯು ಆಗಿತ್ತು. ಮಾತು ಮರಳಿತು, ನಡಿಗೆ ಮರಳಿತು. ಬಲಗೈಯ ನಡುಕ ಮಾತ್ರ ಹೋಗಲಿಲ್ಲ. ಕಂಪನಿಯವರು ಹಾರ ಹಾಕಿ ಕಳಿಸಿಕೊಟ್ಟರು. ಕೈ ಪೂರ್ತಿ ವಾಸಿಯಾಗಿದೆ ಎಂದೇ ಅವರು ಮನೆಯಲ್ಲಿ ಹೇಳುತ್ತ ಬಂದಿದ್ದರು. ಹೆಂಡತಿ ಅವರ ಲೋಟಕ್ಕೆ ಅರ್ಧವೇ ಚಹಾ ಹಾಕುವುದನ್ನು ರೂಢಿ ಮಾಡಿಕೊಂಡರು. ಇಬ್ಬರೂ ಅದರ ಬಗ್ಗೆ ತುಟಿಪಿಟಕ್ ಎಂದವರಲ್ಲ.

ನಡುಕಕ್ಕಿಂತ ಹೆಚ್ಚು ಅವರನ್ನು ಕಾಡಿದ್ದು ನೆಲ. ಮನೆಯ ಕಿಟಕಿ ತೆರೆದರೆ ಪಕ್ಕದವರ ಗೋಡೆ. ಇಷ್ಟು ವರ್ಷ ಅವರು ಊರನ್ನು ನೋಡಿದ್ದು ಮೇಲಿನಿಂದ: ತಾರಸಿಗಳು, ಒಣಹಾಕಿದ ಬಟ್ಟೆಗಳು, ಗಂಟೆ ಹೊಡೆದೊಡನೆ ಅಂಗಳಕ್ಕೆ ಚೆಲ್ಲಿಕೊಳ್ಳುವ ಶಾಲೆಯ ಮಕ್ಕಳು.

"ತಗೊಳ್ಳೋ ಮುಂಚೆ ಹಾರಿಸಿ ನೋಡಿ ಸಾರ್. ನನ್ನ ಹತ್ರ ಎರಡೂ ಥರದ ಡ್ರೋನ್ ಇದೆ."

ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಕಪ್ಪು ಬೋರ್ಡಿನ ಡ್ರೋನ್ ಜುಯ್ಯೆಂದು ಎದ್ದಿತು. ಆಳೆತ್ತರಕ್ಕೆ ಏರಿ, ಒಮ್ಮೆ ವಾಲಿತು. ಆಪರೇಟರು ತಿದ್ದಲು ಹೋದರು. ಹೆಬ್ಬೆರಳು ನಡುಗಿತು. ಡ್ರೋನ್ ಇನ್ನೊಂದು ಕಡೆಗೆ ಮಗುಚಿ, ಕಾಂಪೌಂಡಿಗೆ ಬಡಿದು ಹುಲ್ಲಿಗೆ ಬಿತ್ತು.

ಹೆಂಡತಿ ಈ ಸಲ ಚೇಷ್ಟೆ ಮಾಡಲಿಲ್ಲ. ಬಗ್ಗಿ, ರೆಕ್ಕೆಗೆ ಸುತ್ತಿಕೊಂಡ ಹುಲ್ಲನ್ನು ಬಿಡಿಸತೊಡಗಿದರು.

"ಗಾಳಿ ಜಾಸ್ತಿ ಇದೆ," ಎಂದರು ಆಪರೇಟರು.

ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ. "ಹೌದು ಸಾರ್, ಇಲ್ಲಿ ಗಾಳಿ ಸ್ವಲ್ಪ ಜಾಸ್ತೀನೇ," ಎಂದಳು ಅಂಗಡಿಯಾಕೆ. "ಇನ್ನೊಂದನ್ನೂ ನೋಡಿಬಿಡಿ. ಇಷ್ಟ ಆಗದಿದ್ರೆ ಬೇಡ."

ಎರಡನೆಯದು ನಾಲ್ಕೈದು ಮಹಡಿಯಷ್ಟು ಎತ್ತರಕ್ಕೆ ಏರಿತು.

"ಈಗ ಕೈ ಬಿಡಿ."

"ಬಿಡೋದಾ?"

"ಪೂರ್ತಿ ಬಿಡಿ ಸಾರ್. ಏನೂ ಆಗಲ್ಲ."

ಭಾರ ಮೇಲೆ ತೂಗುತ್ತಿರುವಾಗ ಕೈ ತೆಗೆಯುವುದನ್ನು ಆ ಬೆರಳುಗಳು ಕಲಿತೇ ಇರಲಿಲ್ಲ. ಎಡಗೈ ಮೊದಲು ಬಿಟ್ಟಿತು. ಬಹಳ ಹೊತ್ತಿನ ಮೇಲೆ ಬಲಗೈ. ರಿಮೋಟು ಕೊರಳ ಪಟ್ಟಿಯಲ್ಲಿ ನೇತಾಡಿತು. ಡ್ರೋನ್ ಬೀಳಲಿಲ್ಲ. ಒಂಚೂರು ವಾಲಿ, ತನ್ನ ಜಾಗಕ್ಕೆ ಬಂದು ನಿಂತುಕೊಂಡಿತು. ಹಿಡಿಯಲು ಏನೂ ಇಲ್ಲದ ಬಲಗೈ ಮಾತ್ರ ಬಿಸಿಲಿನಲ್ಲಿ ಎಲ್ಲರ ಕಣ್ಣೆದುರೇ ನಡುಗುತ್ತಿತ್ತು.

"ನನಗೆ ಕೈ ನಡುಗುತ್ತಮ್ಮಾ," ಎಂದರು ಅವರು ಅಂಗಡಿಯಾಕೆಗೆ. ನೋಡುತ್ತಿದ್ದದ್ದು ಹೆಂಡತಿಯನ್ನು. "ವಾಸಿ ಆಗಿಲ್ಲ."

"ಗೊತ್ತು ಕಣ್ರೀ."

"ಯಾವಾಗಿಂದ?"

"ನಿಮಗೆ ಗೊತ್ತಾಗೋಕೆ ಒಂದು ದಿನ ಮುಂಚೆಯಿಂದ."

ಆಪರೇಟರಿಗೆ ನಗು ಬಂತು. ಅದರ ಜೊತೆಗೇ ಮೂಗೂ ಕಟ್ಟಿಕೊಂಡಿತು. ಅಂಗಡಿಯಾಕೆ ಅವರತ್ತ ನೋಡದೆ, "ಸ್ಟಿಕ್ಕಿನ ಚುರುಕು ಕಮ್ಮಿ ಮಾಡಿ ಕೊಡ್ತೀನಿ ಸಾರ್. ಸಣ್ಣಪುಟ್ಟ ನಡುಕ ಅದಕ್ಕೆ ತಿಳಿಯೋದೇ ಇಲ್ಲ," ಎಂದಳು.

"ಸರಿ. ಹೊಸಬರದ್ದೇ ಕೊಟ್ಬಿಡು."

ಹೆಂಡತಿ, ಡ್ರೋನಿನ ಕ್ಯಾಮೆರಾ ಕಂಡದ್ದನ್ನು ತೋರಿಸುವ ರಿಮೋಟಿನ ಪುಟ್ಟ ಪರದೆಯ ಮೇಲೆ ಬಗ್ಗಿದ್ದರು. ಕ್ರೇನಿನ ಕ್ಯಾಬಿನ್ನಿಗೆ ಹೊರಗಿನವರನ್ನು ಹತ್ತಿಸುವಂತಿರಲಿಲ್ಲ. ಇಷ್ಟು ವರ್ಷ ಅವರು ಕೆಳಗಿನಿಂದಲೇ ಕೊರಳೆತ್ತಿ ನೋಡಿದವರು. ಪರದೆಯಲ್ಲಿ ತಗಡಿನ ಮಾಡು, ನೀರಿನ ಟ್ಯಾಂಕು, ಒಂದು ಮರದ ನೆತ್ತಿ, ಪಕ್ಕದಲ್ಲಿ ಮೂರು ಚುಕ್ಕೆಗಳು.

"ಅದ್ಯಾರ್ರೀ ಅಲ್ಲಿ ನಿಂತಿರೋದು?"

"ನಾವೇ ಕಣೇ."

ಹೆಂಡತಿ ನಂಬಲಿಲ್ಲ. ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಒಂದು ಕೈಯೆತ್ತಿದರು. ಅಕ್ಕಿಕಾಳಿನಷ್ಟು ಹೆಂಗಸೊಬ್ಬಳು ತಾನೂ ಕೈಯೆತ್ತಿದಳು.