ಬಾಗಿಲ ಕೆಳಗಿನ ಪಾದಗಳು

ಬಾಗಿಲ ಕೆಳಗಿನ ಸಂದಿನಲ್ಲಿ ಎರಡು ಪಾದ, ತಂಗಿಯವೇ, ಆದರೆ ಆ ಕಂದು ಚಪ್ಪಲಿ ನನ್ನದು, ಕೇಳದೇ ಮೆಟ್ಕೊಂಡು ಬಂದಿದ್ದಾಳೆ, ಬರಲಿ, ಪಾತ್ರವನ್ನೇ ಕಿತ್ಕೊಂಡ ಮೇಲೆ ಚಪ್ಪಲಿ ಯಾವ ಲೆಕ್ಕ — ನಾನು ಹೊರಗೆ ಕಾಯ್ತಿದ್ದೀನಿ, ಒಳಗೆ ಪರೀಕ್ಷೆ, ಡಾಕ್ಟರ್ ಓದುವ ಮಕ್ಕಳಿಗೆ, ನಾವು ಅವರ ಮುಂದೆ ಕೂರುವ ಸುಳ್ಳು ರೋಗಿಗಳು, ನಮ್ಮ ನಾಟಕ ಕಂಪನಿ ಮುಚ್ಚಿದಾಗ ನನಗೆ ಸಿಕ್ಕಿದ ಕೆಲಸ ಇದು, ವ್ಯಕ್ತಿತ್ವದಲ್ಲೇ ತೊಡಕಿರುವವರ ಹಾಗೆ ಮಾತಾಡಬೇಕು, ಮನೇಲಿ ಕೂತು ಏನ್ಮಾಡ್ತೀಯ ಬಾರೇ ಅಂತ ಇವಳನ್ನ ಇಲ್ಲಿಗೆ ಕರೆತಂದವಳೂ ನಾನೇ, ನನ್ನ ಬುದ್ಧಿಗಿಷ್ಟು! ಬೆಳಿಗ್ಗೆ ಪ್ರೊಫೆಸರಮ್ಮ ನಗ್ತಾ ನಗ್ತಾ ಹೇಳಿದರು, ಇವತ್ತು ಆ ಪಾತ್ರ ನಿಮ್ಮ ತಂಗಿ ಮಾಡಲಿ, ಅವರದು ನಾಟಕ ಅನ್ಸೋದೇ ಇಲ್ಲ, ಅಂತ, ಅಂದರೆ ನನ್ನದು ಅನಿಸುತ್ತಿತ್ತು, ಇಷ್ಟು ವರ್ಷ. ನನ್ನ ಆ ಪಾತ್ರ ಅಂದ್ರೆ, ಬಿಟ್ಟು ಹೋಗ್ತಾರೇನೋ ಅಂತ ಸದಾ ಜೀವ ಕೈಲಿ ಹಿಡ್ಕೊಂಡು ಕೂರುವವಳು, ಈಗ ನೀನೇ ನನ್ನ ದೇವರು ಅಂತಾಳೆ, ಒಂದು ಸಲ ಫೋನ್ ಎತ್ತದಿದ್ದರೆ ನೀನೇ ರಾಕ್ಷಸಿ, ಆ ಪಾತ್ರದಲ್ಲಿ ನಾನು ಅತ್ತಾಗ ಕಲಿಯೋ ಹುಡುಗಿಯರೂ ಅತ್ತುಬಿಟ್ಟಿದ್ದಾರೆ, ಈಗ ನನಗೆ ಕೊಟ್ಟಿರೋದು ಅತಿ ಅಚ್ಚುಕಟ್ಟಿನವಳ ಪಾತ್ರ, ಕರವಸ್ತ್ರದ ಮೂಲೆಗೆ ಮೂಲೆ ಕೂಡಿಸ್ತಾ, ಎಲ್ಲ ನನ್ನ ಲೆಕ್ಕದ ಹಾಗೇ ಆಗಬೇಕು ಅಂತ ಕೂತಿರಬೇಕು, ಯಾರಿಗೆ ಬೇಕು ಈ ಒಣ ಪಾತ್ರ, ಹೊಟ್ಟೆ ಉರೀತಿದೆ, ಹೌದು, ಉರೀತಿದೆ.

ತಂಗಿಗೇ ಒಂದು ಕಾಯಿಲೆ ಹೆಸರಿಡೋಣ ಅಂದ್ರೆ, ಎಲ್ಲರ ಕಣ್ಣೂ ತನ್ನ ಮೇಲಿರಬೇಕು ಅಂತ ಕುಣಿಯೋ ಬಗೆಯಾ, ಅಲ್ಲ, ಫೋಟೋ ತೆಗೆಯೋವಾಗ ಹಿಂದೆ ಹೋಗಿ ನಿಲ್ತಾಳೆ; ತನ್ನಂಥವರು ಇನ್ಯಾರೂ ಇಲ್ಲ ಅಂತ ಮೆರೆಯೋ ಬಗೆಯಾ, ಅದೂ ಅಲ್ಲ; ಎಲ್ಲರಲ್ಲೂ ಮೋಸ ಹುಡುಕೋ ಬಗೆ, ಛೇ, ಅದು ಈಗ ನಾನು ಮಾಡ್ತಿರೋದು; ಯಾರೂ ಬೇಡ, ಒಂಟಿಯಾಗೇ ಹಾಯಾಗಿದ್ದೀನಿ ಅನ್ನೋ ಬಗೆ — ಹಾಂ, ಅದೇ, ಇಲ್ಲದಿದ್ರೆ ಮೊನ್ನೆ ಕಾಫಿ ಲೋಟ ತೊಳೀತಾ ಅಷ್ಟು ಸಲೀಸಾಗಿ ಅಂದುಬಿಟ್ಟಳಲ್ಲ, ಅಕ್ಕಾ, ಮುಂದಿನ ತಿಂಗಳು ನಾನು ಬೇರೆ ಮನೆ ಮಾಡ್ತೀನಿ. ಬೇರೆ ಮನೆ! ಯಾರ ಜೊತೆಗೆ ಅಂದೆ, ಯಾರ ಜೊತೆಗೂ ಇಲ್ಲ ಕಣೇ ಅಂದಳು, ಯಾರೂ ಇಲ್ಲದ ಮನೆ ನನಗಿಂತ ಚೆಂದವಾ, ಖಾಲಿ ಗೋಡೆ ಮೇಲೂ ನನಗೆ ಹೊಟ್ಟೆಕಿಚ್ಚು. ಪ್ರೊಫೆಸರಮ್ಮ ಪಾಠದಲ್ಲಿ ಹೇಳ್ತಾನೇ ಇರ್ತಾರೆ, ಇವೆಲ್ಲ ಎಲ್ಲರಲ್ಲೂ ಚೂರು ಚೂರು ಇರುತ್ತೆ ಕಣ್ರಪ್ಪಾ, ಮನೆ, ಕೆಲಸ, ಸ್ನೇಹ ಹೋದಲ್ಲೆಲ್ಲ ವರ್ಷಗಟ್ಟಲೆ ಬದುಕು ಕೆಡಿಸಿದ್ರೆ ಮಾತ್ರ ಕಾಯಿಲೆ ಅನ್ನಿ, ಸಿಟ್ಟು ಬಂದವರ ಮೇಲೆಲ್ಲ ಚೀಟಿ ಅಂಟಿಸಬೇಡಿ — ಅಂಟಿಸ್ತೀನಿ, ನನ್ನ ತಂಗಿ, ನನ್ನಿಷ್ಟ.

ಪಾದ ಅಲುಗಿತು, ದನಿ ಹೊರಗೆ ಬರ್ತಿದೆ, ತೆಳು ಬಾಗಿಲು, ಬಿಳಿ ಕೋಟಿನ ಹುಡುಗಿ ಕೇಳ್ತಿದ್ದಾಳೆ, ಈ ಭಯ ಯಾವಾಗಿಂದ ಇದೆ ಅಂತ, ಇವಳು ಹೇಳ್ತಿದ್ದಾಳೆ, ಚಿಕ್ಕವಳಿದ್ದಾಗಿಂದ, ಜಗಳ ಆದ್ರೆ ನನ್ನ ತಂಗಿ ಕೋಣೆ ಚಿಲಕ ಹಾಕ್ಕೊಳ್ಳೋಳು, ನಾನು ಹೊರಗೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಬಾಗಿಲ ಕೆಳಗೆ ಅವಳ ಪಾದ ನೋಡ್ತಿದ್ದೆ — ಅಯ್ಯೋ, ಇದು ಪಾತ್ರದಲ್ಲಿಲ್ಲ, ಇದು ನಾನು, ನನ್ನ ಕೆನ್ನೆ, ಆ ತಣ್ಣನೆ ನೆಲ, ಏಳೇ ದೊಡ್ಡವಳಾಗಿ ನಾಚಿಕೆ ಆಗಲ್ವಾ ಅಂತ ಅಮ್ಮ, ಪಾದ ಕಾಣೋವರೆಗೂ ಸುಮ್ಮನಿರ್ತಿದ್ದೆ, ಮರೆಯಾದ ಕೂಡಲೇ ಬಾಗಿಲು ಬಡಿದು ಸಾಯ್ತೀನಿ ನೋಡು ಅಂತ ಕಿರಿಚ್ತಿದ್ದೆ, ಗೊತ್ತಿತ್ತಾ ಇವಳಿಗೆ, ನಾನು ಬಗ್ಗಿ ನೋಡ್ತಿದ್ದದ್ದು ಗೊತ್ತಿತ್ತಾ, ಕಳ್ಳಿ, ನನ್ನನ್ನೇ ಎತ್ಕೊಂಡು ಹೋಗಿ ನನ್ನ ಕುರ್ಚಿ ಮೇಲೆ ಕೂರಿಸಿದ್ದಾಳೆ! ಹುಡುಗಿ ಕೇಳ್ತಾಳೆ, ಪಾದ ಕಾಣದಿದ್ದಾಗ ಅವರು ದೂರ ಹೋಗ್ತಿದ್ರಾ. ಪಾದ ಕುರ್ಚಿ ಕೆಳಗೆ ಹಿಂದಕ್ಕೆ ಸರಿದವು. ಆಮೇಲೆ ಇವಳ ದನಿ, ಪಾತ್ರದ ದನಿಯಲ್ಲ, ಮನೆಯ ದನಿ, ಇಲ್ಲ, ಬಾಗಿಲಿಗೇ ಬೆನ್ನು ಕೊಟ್ಟು, ಕಾಲು ಮುಂದೆ ಚಾಚ್ಕೊಂಡು ಕೂತಿರ್ತಿದ್ದಳು, ನನ್ನ ಅಳು ನಿಲ್ಲೋವರೆಗೂ ಅಲ್ಲೇ.

ಅಲ್ಲೇ. ಒಂದು ಹಲಗೆಯ ಆಚೆ. ಇಷ್ಟು ವರ್ಷ ನನಗೆ ಹೇಳಲಿಲ್ಲ, ಹೆಸರೂ ಗೊತ್ತಿಲ್ಲದ ಆ ಹುಡುಗಿಗೆ ಹೇಳಿದಳು, ಅವಳಿಗೆ ಕೊಟ್ಟಳು, ನನ್ನದನ್ನ — ಗಂಟೆ ಹೊಡೀತು, ಕುರ್ಚಿ ಸರಿದ ಸದ್ದು, ಪಾದ ಎದ್ದವು, ಬರ್ತಿವೆ, ನನ್ನ ಚಪ್ಪಲಿಯಲ್ಲಿ, ಬಾಗಿಲ ತನಕ ಬಂದವು, ನಿಂತವು, ನಾನು ಹೊರಗಿದ್ದೀನಿ ಅಂತ ಗೊತ್ತು ಅವಳಿಗೆ, ಚಿಲಕ ತೆಗೀತಿಲ್ಲ, ನಾನೂ ತಟ್ಟುತ್ತಿಲ್ಲ, ಮುಂದಿನ ತಿಂಗಳು, ಬೇರೆ ಮನೆ, ಬೇರೆ ಬಾಗಿಲು, ಅದರ ಕೆಳಗೆ ಸಂದು ಇರುತ್ತೋ ಇಲ್ಲವೋ, ಬಾಗಿಲ ಕೆಳಗೆ ಎರಡು ಪಾದ, ಎರಡು ಪಾದ.