ಸಾರಿಸಿದ ದಾರಿ

ಕಂದಾಯ ಕಚೇರಿಯ ಗಿರದಾವರ ಸಾಹೇಬರು ನಮ್ಮ ದಾರಿ ನೋಡಲು ಬರುತ್ತಾರೆ ಎಂದು ಸುದ್ದಿ ಬಂದಾಗ, ಅದನ್ನು ಗುಡಿಸೋಣ ಎಂದವಳು ನಾನೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಭೀಮಾ ಹೊಳೆಯಿಂದ ಯಾದಗಿರಿ ರಸ್ತೆಗೆ ನಾವು ಹೆಂಗಸರು ಮೀನು ಹೊತ್ತು ನಡೆಯುವ ಕಾಲುದಾರಿ ಅದು. ಮರಿಲಿಂಗಪ್ಪ ಗೌಡರ ಹೊಲದ ನಟ್ಟನಡುವೆ ಹೋಗುತ್ತದೆ. ಗೌಡರು ಆ ಹೊಲ ಕೊಂಡು ಎರಡೇ ವರ್ಷ. ಈ ಸಲ ಮುಳ್ಳುಬೇಲಿ ಹಾಕುತ್ತೇನೆ ಎಂದರು. ಸುತ್ತಿ ಹೋದರೆ ಒಂದು ಹರದಾರಿ ಹೆಚ್ಚು. ಅಷ್ಟೊತ್ತಿಗೆ ಬಿಸಿಲೇರಿದರೆ ನಮ್ಮ ಮೀನನ್ನು ಬೆಕ್ಕೂ ಮೂಸುವುದಿಲ್ಲ. ಅದಕ್ಕೇ, ಇದು ಹಳೇ ದಾರಿ, ಮುಚ್ಚಬಾರದು ಎಂದು ನಿಜಾಮ ಸರ್ಕಾರಕ್ಕೆ ಅರ್ಜಿ ಹಾಕಿದ್ದೆವು.

ದೊಡ್ಡವರು ಬಂದರೆ ಅಂಗಳ ಸಾರಿಸುವುದಿಲ್ಲವೇ? ನಾನು, ರೇಣಮ್ಮ, ಮೌನಮ್ಮ ಕೂಡಿ ಬದುವಿನಿಂದ ಬದುವಿನವರೆಗೆ ಗುಡಿಸಿ, ಸಗಣಿ ನೀರು ಹಾಕಿ ಸಾರಿಸಿ, ತುದಿಗೆ ರಂಗೋಲಿ ಬೇರೆ ಬಿಟ್ಟೆವು.

ಗಿರದಾವರ ಚಾಂದಪಾಶಾ ಸಾಹೇಬರು ಕುದುರೆ ಇಳಿದು ಬಗ್ಗಿ ಬಗ್ಗಿ ನೋಡಿದರು.

“ಹೆಜ್ಜಿ ಎಲ್ಲಿ ಅದಾವು?”

“ನೀವು ಬರ್ತೀರಂತ ಸಾರಿಸೀವ್ರಿ,” ಎಂದೆ, ಹೆಮ್ಮೆಯಿಂದ.

“ಇದು ನಿನ್ನಿ ಮಾಡಿದ ದಾರಿ. ನಕ್ಷಾದಾಗೂ ಇಲ್ಲ. ಹಳೇದು ಅಂತ ಹ್ಯಾಂಗ ಬರೀಲಿ?”

“ಅಯ್ಯ, ಹಳೇದು ಇದರ ಕೆಳಗ ಅದರಿ!”

“ಯಾವುದರ ಕೆಳಗ?”

ನಾನು ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಸಗಣಿ ಕೆರೆಯತೊಡಗಿದೆ.

ಆಗ ಗೌಡರು ಮುಂದೆ ಬಂದರು. “ಸಾಹೇಬ್ರ, ನಾ ಏನು ಕಟುಕನೇನ್ರಿ? ಹೆಣ್ಮಕ್ಕಳು ಹೋಗ್ಲಿ. ದಿನಾ ನನ್ನ ಒಂದು ಮಾತು ಕೇಳಿ ಹೋದ್ರ ಸಾಕು.”

ಸಾಹೇಬರು ಅದನ್ನೇ ಬರೆದು ಓದಿ ಹೇಳಿದರು: ಇಲ್ಲಿ ದಾರಿ ಇಲ್ಲ, ಗೌಡರ ಪರವಾನಗಿ ಪಡೆದು ನಡೆಯಬಹುದು. ರೇಣಮ್ಮ ಕೈಮುಗಿದಳು. ಅವಳನ್ನು ನೋಡಿ ನಾನೂ ಮುಗಿದೆ. ಬೇಲಿಯಂತೂ ತಪ್ಪಿತು, ಗೌಡರು ನಕ್ಕು ಮಾತಾಡಿದರು. ಆದರೂ ಗೆದ್ದೆವೋ ಸೋತೆವೋ ತಿಳಿಯಲೇ ಇಲ್ಲ.

ಮನೆಯಲ್ಲಿ ಅತ್ತೆ ಅಯ್ಯಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ನಿನ್ನ ಮಾವನ ಹೆಣಾ ಅದೇ ದಾರೀಲೆ ಹೋತು, ಸುಗಲಮ್ಮ. ಆಗ ಯಾರನ್ನ ಕೇಳಿದ್ವಿ?”

ಮರುದಿನ ಬೆಳಗ್ಗೆ ಬುಟ್ಟಿ ಹೊತ್ತು ಬದುವಿನ ಹತ್ತಿರ ಬಂದೆ. ಗೌಡರು ಹೊಲದ ಮನೆಯ ಕಟ್ಟೆಯ ಮೇಲೆ ಬೇವಿನ ಕಡ್ಡಿ ಕಚ್ಚಿಕೊಂಡು ಕೂತಿದ್ದರು.

“ಗೌಡ್ರ, ಹೋಗ್ಲೇನ್ರಿ?”

ಕಡ್ಡಿಯನ್ನು ಬಾಯಲ್ಲೇ ಇಟ್ಟುಕೊಂಡು ಕೈಯೊಂದನ್ನು ಎತ್ತಿದರು. ಹೋಗು ಎಂದೋ, ನಿಲ್ಲು ಎಂದೋ? ಕೇಳುವಷ್ಟರಲ್ಲಿ ಎದ್ದು ಒಳಗೆ ಹೋಗಿಬಿಟ್ಟರು.

ಮತ್ತೊಮ್ಮೆ ಕೂಗಿದೆ. ಯಾರೂ ಬರಲಿಲ್ಲ. ಬುಟ್ಟಿಯ ನೀರು ಕುತ್ತಿಗೆಗೆ ಇಳಿಯತೊಡಗಿತು, ಬಿಸಿಲು ಜೋಳದ ತೆನೆಗೆ ಬಂತು. ಎದುರಿಗೆ ದಾರಿ ಖಾಲಿ ಬಿದ್ದಿತ್ತು, ತಡೆಯುವವರು ಒಬ್ಬರೂ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಲೆಕ್ಕವಿಲ್ಲದಷ್ಟು ಸಲ ತುಳಿದ ಆ ಮಣ್ಣಿನ ಮೇಲೆ ಹೆಜ್ಜೆ ಇಡಲು ನನಗೆ ಕಾಲೇ ಏಳಲಿಲ್ಲ.